ಓದುಗರ ಪ್ರಶ್ನೆ: ಇಲೆವೆನ್ ತೆಗೆದು ‘ಡೆಕ್-ಉನ್’ ಅನ್ನೋಣ್ವಾ?

ಈ ಸಲ ಅಂಕಿಗಳ ಹೆಸರಿನ ಬಗ್ಗೆ ಬಂದ ಪ್ರಶ್ನೆಗಳನ್ನ ಒಟ್ಟಿಗೆ ಹಾಕಿದೀನಿ. ಬೇರೆಯವ್ರು ಬೇಜಾರು ಮಾಡ್ಕೋಬೇಡಿ, ನಿಮ್ಮದೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದೀನಿ.

ಪ್ರಶ್ನೆ: ಸರ್, ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಇಂಗ್ಲಿಷ್ ನಂಬರ್ ಹೆಸರುಗಳಿಗೆ ತಲೆಬುಡ ಇಲ್ಲ, ಎಲ್ಲಾ ಕಿತ್ತಾಕಿ ಲ್ಯಾಟಿನ್ ಮೇಲೆ ಹೊಸದಾಗಿ ಕಟ್ಬೇಕು ಅಂತಾನೆ. ಉನ್, ದು, ತ್ರಿ, ಕ್ವಾಡ್, ಕ್ವಿನ್, ಸೆಕ್ಸ್, ಸೆಪ್ಟ್, ಆಕ್ಟ್, ನಾನ್, ಡೆಕ್. ಹನ್ನೊಂದಕ್ಕೆ ಡೆಕ್-ಉನ್, ಇಪ್ಪತ್ತಕ್ಕೆ ದು-ಡೆಕ್, ಇಪ್ಪತ್ತೈದಕ್ಕೆ ದು-ಡೆಕ್-ಕ್ವಿನ್, ನೂರಕ್ಕೆ ಸೆಂಟ್, ಸಾವಿರಕ್ಕೆ ಮಿಲ್. ಕೇಳೋಕೆ ಚೆನ್ನಾಗೇ ಇದೆ. ಇದು ಆಗೋ ಮಾತಾ?
— ಗೃಹಿಣಿ, ತುಮಕೂರು

ಉತ್ತರ: ಮೇಡಂ, ನಿಮ್ಮ ಹುಡುಗನ ಕಂಪ್ಲೇಂಟ್ ಸುಳ್ಳಲ್ಲ. ಟ್ವೆಂಟಿ ದಾಟಿದ್ಮೇಲೆ ಇಂಗ್ಲಿಷ್ ಸರಾಗ, ಟ್ವೆಂಟಿ ಒನ್, ಟ್ವೆಂಟಿ ಟೂ ಅಂತ ದೊಡ್ಡದು ಮೊದಲು ಚಿಕ್ಕದು ಆಮೇಲೆ. ಅದಕ್ಕಿಂತ ಮುಂಚೆ ಥರ್ಟೀನ್‌ನಿಂದ ನೈನ್‌ಟೀನ್‌ವರೆಗೆ ಉಲ್ಟಾ, ಮೂರು ಮೊದಲು ಹತ್ತು ಆಮೇಲೆ. ಇಲೆವೆನ್ ಟ್ವೆಲ್ವ್‌ನಲ್ಲಂತೂ ಟೆನ್ ಕಾಣೋದೇ ಇಲ್ಲ. ಅವೆರಡೂ ಹಳೇ ಜರ್ಮ್ಯಾನಿಕ್ ಕಾಲದಿಂದ ಬಂದಿದ್ದು, ‘ಒಂದು ಮಿಕ್ಕಿತು’, ‘ಎರಡು ಮಿಕ್ಕಿತು’ ಅನ್ನೋ ಅರ್ಥ. ಹತ್ತು ಎಣಿಸಿ ಆದ್ಮೇಲೆ ಕೈಯಲ್ಲಿ ಉಳಿದಿದ್ದು ಅಂತ, ಆದ್ರೆ ಆ ಹತ್ತು ಅನ್ನೋದನ್ನ ಬಾಯಿಬಿಟ್ಟು ಹೇಳೋ ಗೋಜಿಗೇ ಹೋಗಿಲ್ಲ.

ಹಿಂದೆ ಹೋದ್ರೆ ಪರಿಸ್ಥಿತಿ ಇನ್ನೂ ಮಜಾ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಅರವತ್ತರವರೆಗೆ ಒಂದು ಥರ, ಎಪ್ಪತ್ತರಿಂದ ಹೆಸರಿನ ಮುಂದೆ ‘ಹುಂಡ್’ ಅಂತ ಒಂದು ತುಂಡು ಸೇರ್ಕೊಳ್ತಿತ್ತು, ಅದೇ ಸಾಲು ನೂರಕ್ಕೂ ನಿಲ್ಲದೆ 110, 120ರ ತನಕ ಹೋಗ್ತಿತ್ತು, ಹನ್ನೊಂದು ಹತ್ತು, ಹನ್ನೆರಡು ಹತ್ತು ಅನ್ನೋ ಹಾಗೆ. ಉತ್ತರ ಯುರೋಪಿನ ಹಳೇ ಲೆಕ್ಕದಲ್ಲಿ ಹಂಡ್ರೆಡ್ ಅಂದ್ರೆ ಎಷ್ಟೋ ಕಡೆ 120. ಟ್ವೆಂಟಿ ಫೈವ್ ಅನ್ನೋದು ಮೊದಲು ಫೈವ್ ಅಂಡ್ ಟ್ವೆಂಟಿ, ಜರ್ಮನ್‌ನಲ್ಲಿ ಇವತ್ತಿಗೂ ಹಾಗೇ ಇದೆ. ಅದರ ಜೊತೆಗೆ ಸ್ಕೋರ್ ಅಂತ ಇಪ್ಪತ್ತರ ಲೆಕ್ಕ ಬೇರೆ. ಲಿಂಕನ್ 1863ರಲ್ಲಿ ಗೆಟ್ಟಿಸ್‌ಬರ್ಗ್ ಭಾಷಣ ಶುರು ಮಾಡಿದ್ದು ಫೋರ್ ಸ್ಕೋರ್ ಅಂಡ್ ಸೆವೆನ್ ಇಯರ್ಸ್ ಅಂತ, ಅಂದ್ರೆ 87 ವರ್ಷ, ಹಿಂದಕ್ಕೆ ಎಣಿಸಿದ್ರೆ 1776. ಇದನ್ನೆಲ್ಲ ಯಾರೂ ಕಮಿಟಿ ಕೂತು ತೆಗೀಲಿಲ್ಲ, ಜನ ಬಳಸೋದು ಕಮ್ಮಿ ಮಾಡಿದ್ರು, ಹೋಯ್ತು.

ಈಗ ಲ್ಯಾಟಿನ್ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಹುಡುಗ ಸ್ವಲ್ಪ ಮೋಸ ಹೋಗಿದಾನೆ ಅನ್ಸುತ್ತೆ. ಲ್ಯಾಟಿನ್ ಅಂದ್ರೆ ನೀಟು ಅಂತ ನಮಗೊಂದು ಭ್ರಮೆ ಇದೆ, ಆದ್ರೆ ರೋಮನ್ನರ ಎಣಿಕೆ ನೋಡಿದ್ರೆ ಹನ್ನೊಂದು ‘ಊನ್‌ದೆಕಿಮ್’, ಒಂದು-ಹತ್ತು, ಇಂಗ್ಲಿಷ್ ಟೀನ್‌ಗಳ ಥರಾನೇ ಚಿಕ್ಕದು ಮೊದಲು. ಹದಿನೇಳರ ತನಕ ಹೀಗೆ. ಹದಿನೆಂಟಕ್ಕೆ ಬಂದ್ರೆ ‘ದುಒದೆವಿಗಿಂತಿ’, ಇಪ್ಪತ್ತಕ್ಕೆ ಎರಡು ಕಮ್ಮಿ! ಹತ್ತೊಂಬತ್ತು ‘ಊನ್‌ದೆವಿಗಿಂತಿ’, ಇಪ್ಪತ್ತಕ್ಕೆ ಒಂದು ಕಮ್ಮಿ. ಇಪ್ಪತ್ತು ಅಂದ್ರೆ ‘ವಿಗಿಂತಿ’, ಅದರಲ್ಲಿ ಎರಡೂ ಕಾಣಲ್ಲ ಹತ್ತೂ ಕಾಣಲ್ಲ. ಹಾಗಾಗಿ ಅವನು ಮಾಡಿರೋದು ಲ್ಯಾಟಿನ್‌ನಿಂದ ಬೇರುಗಳನ್ನ ಎತ್ಕೊಂಡು ಚೈನೀಸ್ ಪದ್ಧತಿಗೆ ಜೋಡಿಸಿರೋದು, ಯಾಕಂದ್ರೆ ಹತ್ತು-ಒಂದು, ಎರಡು-ಹತ್ತು, ಎರಡು-ಹತ್ತು-ಐದು ಅನ್ನೋ ಕಟ್ಟು ಇರೋದು ಚೈನೀಸಲ್ಲಿ. ಎಸ್ಪೆರಾಂತೋ ಅಂತ 1887ರಲ್ಲಿ ಜಾಮೆನ್‌ಹೋಫ್ ಕಟ್ಟಿದ ಭಾಷೆಯಲ್ಲೂ ಇದೇ ಕಟ್ಟು ಇದೆ, ಬೇರುಗಳೂ ಹೆಚ್ಚುಕಮ್ಮಿ ಇವನವೇ, ಹನ್ನೆರಡು ‘ದೆಕ್ ದು’, ಇಪ್ಪತ್ತು ‘ದುದೆಕ್’. ಹೊಸ ಐಡಿಯಾ ಅಂತೂ ಅಲ್ಲ.

ಇನ್ನೊಂದು ವಿಷಯ. ಇವತ್ತು ನೀಟಾಗಿ ಕಟ್ಟಿದ್ರೂ ನಾಳೆ ನಾಲಿಗೆ ಅದನ್ನ ಹಾಗೇ ಬಿಡಲ್ಲ. ಊನ್‌ದೆಕಿಮ್ ಅನ್ನೋದು ಫ್ರೆಂಚರ ಬಾಯಲ್ಲಿ ಸವೆದು ‘ಓಂಜ್’ ಆಯ್ತು, ಸ್ಪ್ಯಾನಿಷಲ್ಲಿ ‘ಓನ್ಸೆ’, ಈಗ ಅದರಲ್ಲಿ ಹತ್ತು ಎಲ್ಲಿದೆ ಅಂತ ಹುಡುಕ್ಬೇಕು. ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಸಂಸ್ಕೃತದ ಏಕಾದಶ, ದ್ವಾದಶ ಎಷ್ಟು ಕ್ಲಿಯರ್, ನಮ್ಮ ಅಜ್ಜಿಯರಿಗೂ ತಿಥಿ ಲೆಕ್ಕದಲ್ಲಿ ಬಾಯಿಪಾಠ. ಅದೇ ಹಿಂದಿಗೆ ಬರೋಷ್ಟರಲ್ಲಿ ಗ್ಯಾರಹ್, ಬಾರಹ್ ಆಗಿದೆ, ಏಕವಿಂಶತಿ ಹೋಗಿ ಇಕ್ಕೀಸ್ ಆಗಿದೆ. ಹಿಂದಿ ಪರೀಕ್ಷೆಗೆ ಒಂದರಿಂದ ನೂರು ಉರು ಹೊಡೆದವರಿಗೆ ಆ ಕಷ್ಟ ಗೊತ್ತು, ಪ್ರತಿಯೊಂದೂ ಬೇರೆ ಬೇರೆ ಕಲೀಬೇಕು, ಉನ್ಯಾಸಿ ಯಾವುದು ನವಾಸಿ ಯಾವುದು ಅಂತ ಇವತ್ತಿಗೂ ಒಂದು ಕ್ಷಣ ನಿಂತು ಯೋಚಿಸಬೇಕು.

ಅದಿರ್ಲಿ, ಅದಕ್ಕಿಂತ ಗಟ್ಟಿ ತೊಡಕು ಬೇರೆ ಇದೆ. ಲ್ಯಾಟಿನ್ ತುಂಡುಗಳು ಇಂಗ್ಲಿಷಲ್ಲಿ ಆಗಲೇ ಬೇರೆ ಕೆಲಸಕ್ಕೆ ಬುಕ್ ಆಗಿವೆ. ಫ್ರಾನ್ಸಲ್ಲಿ 1795ರಲ್ಲಿ ಮೆಟ್ರಿಕ್ ಪದ್ಧತಿ ತಂದಾಗ ಗುಣಿಸೋದಕ್ಕೆ ಗ್ರೀಕ್ ಹೆಸರು, ಭಾಗಿಸೋದಕ್ಕೆ ಲ್ಯಾಟಿನ್ ಹೆಸರು ಅಂತ ಮಾಡ್ಕೊಂಡ್ರು. ಅದಕ್ಕೇ ಕಿಲೋ ಅಂದ್ರೆ ಸಾವಿರ ಪಟ್ಟು, ಮಿಲಿ ಅಂದ್ರೆ ಸಾವಿರದಲ್ಲೊಂದು. ಸೆಂಟಿ ಅಂದ್ರೆ ನೂರರಲ್ಲೊಂದು. ಈಗ ಸೆಂಟ್ ಅಂದ್ರೆ ನೂರು, ಮಿಲ್ ಅಂದ್ರೆ ಸಾವಿರ ಅಂತ ಹೊಸದಾಗಿ ಹೇಳಿದ್ರೆ, ಅಮೆರಿಕದ ಅಂಗಡೀಲಿ ‘ಕ್ವಿನ್ ಸೆಂಟ್’ ಅಂದವನು ಐನೂರು ಡಾಲರ್ ಕೇಳ್ತಿದಾನಾ ಐದು ಪೈಸೆ ಕೇಳ್ತಿದಾನಾ? ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ವರ್ಕ್‌ಶಾಪಿನವರು ‘ಮಿಲ್’ ಅಂತಾರೆ, ಇಂಜಿನಿಯರಿಂಗ್ ಓದೋ ಹುಡುಗನಿಗೆ ಇದು ಹೊಳೀಬೇಕಿತ್ತು. ಡೆಕ್-ದು ಅಂದ್ರೆ 12, ದು-ಡೆಕ್ ಅಂದ್ರೆ 20, ಎರಡೇ ತುಂಡು ಹಿಂದುಮುಂದು. ಚೈನೀಸಲ್ಲೂ ಹಾಗೇ ಇದೆ, ಅವರು ಸಂಭಾಳಿಸ್ತಾರೆ, ಅವರಿಗೆ ಸ್ವರ ಏರಿಳಿತದ ಸಹಾಯ ಇದೆ. ಗದ್ದಲದ ಫೋನಲ್ಲಿ ಇಂಗ್ಲಿಷಿನವರಿಗೆ ಅದೂ ಇಲ್ಲ.

ಒಟ್ಟಲ್ಲಿ ನನ್ನ ಅನಿಸಿಕೆ ಏನಂದ್ರೆ, ಬಾಯಲ್ಲಿ ಆಗಲೇ ಒಂದು ಹೆಸರು ಕೂತಿರೋ ಅಂಕಿಗೆ ಹೊಸ ಹೆಸರು ಅಂಟಲ್ಲ. ನಮಗೂ ಸಂಸ್ಕೃತದ ನಂಬರ್‌ಗಳು ಗೊತ್ತಿಲ್ವಾ, ಪಂಚಾಂಗ, ಸಪ್ತಪದಿ, ದಶಕ, ಶತಮಾನ ಎಲ್ಲಾ ದಿನಾ ಬಳಸ್ತೀವಿ, ಹಾಗಂತ ತರಕಾರಿ ಗಾಡಿ ಹತ್ರ ನಿಂತು ಕೊತ್ತಂಬರಿ ಕಟ್ಟು ಪಂಚವಿಂಶತಿ ರೂಪಾಯಿಗೆ ಕೊಡಪ್ಪ ಅಂತೀವಾ. ಲ್ಯಾಟಿನ್‌ಗೆ ಇಂಗ್ಲಿಷಲ್ಲಿ ಇರೋದು ಅದೇ ಜಾಗ. ಯಾವ ಅಂಕಿಗೆ ಹೆಸರೇ ಇರ್ಲಿಲ್ವೋ ಅಲ್ಲಿ ಮಾತ್ರ ಅದು ಗೆದ್ದಿದೆ, ಕೆಳಗಿನ ಪ್ರಶ್ನೆಗಳಲ್ಲಿ ಅದೂ ಬರುತ್ತೆ.

ಪ್ರಶ್ನೆ: ಸರ, ನಾ ಹುಬ್ಬಳ್ಳ್ಯಾಗ ಪ್ರೈಮರಿ ಸಾಲಿ ಟೀಚರ್ ಅದೀನ್ರಿ. ಕನ್ನಡದಾಗ ನೂರರ ತನಕ ಚಂದ ಎಣಸ್ತಾವ ಹುಡುಗ್ರು, ಇಂಗ್ಲಿಷ್ ಅಂದ ಕೂಡ್ಲೆ ಸೆವೆಂಟೀನ್ ಅಂದ್ರ 71 ಬರೀತಾವ, ಥರ್ಟೀನ್ ಥರ್ಟಿ ಎರಡೂ ಒಂದ ಅಂತಾವ. ನಂಬರಿನ ಹೆಸರು ಬದಲಿ ಮಾಡಿದ್ರ ಗಣಿತ ಸುಲಭ ಆಗ್ತದೇನ್ರಿ?
— ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಟೀಚರ್, ನಿಮ್ಮ ಮಕ್ಕಳು ತಪ್ಪು ಮಾಡ್ತಿಲ್ಲ, ಕಿವಿಗೆ ಬಿದ್ದ ಆರ್ಡರ್‌ನಲ್ಲಿ ಬರೀತಿದಾರೆ. ಸೆವೆನ್ ಮೊದಲು ಕೇಳ್ತು, 7 ಬರೆದ್ರು. ಇದು ನಿಮ್ಮ ಶಾಲೆಯ ಸಮಸ್ಯೆ ಅಷ್ಟೇ ಅಲ್ಲ. ಕೆವಿನ್ ಮಿಲ್ಲರ್ ಮತ್ತು ಜೊತೆಯವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮತ್ತು ಚೀನಾದ ಪುಟ್ಟ ಮಕ್ಕಳು ಎಣಿಸೋದನ್ನ ಹೋಲಿಸಿದ್ರು. ಹತ್ತರವರೆಗೆ ಇಬ್ಬರೂ ಹೆಚ್ಚುಕಮ್ಮಿ ಸಮ. ಹತ್ತರಿಂದ ಇಪ್ಪತ್ತರ ಮಧ್ಯೆ ಬಂದಾಗ ಅಮೆರಿಕದ ಮಕ್ಕಳು ಎಡವಿದ್ರು, ಚೀನಾದ ಮಕ್ಕಳು ಹತ್ತು-ಒಂದು, ಹತ್ತು-ಎರಡು ಅಂತ ಹೋಗ್ತಾನೇ ಇದ್ರು. ಅಂದ್ರೆ ಹೆಸರಿನ ಕಟ್ಟು ಕಲಿಕೆಗೆ ಅಡ್ಡ ಬರುತ್ತೆ ಅನ್ನೋದು ನಿಜ.

ಆದ್ರೆ ಇದಕ್ಕೆ ಲ್ಯಾಟಿನ್ ಯಾಕೆ ಬೇಕು? ಅಮೆರಿಕದಲ್ಲೇ ಎಷ್ಟೋ ಪ್ರೈಮರಿ ಕ್ಲಾಸುಗಳಲ್ಲಿ ಮೊದಮೊದಲು ಟೆನ್ ಒನ್, ಟೆನ್ ಟೂ, ಟೆನ್ ತ್ರೀ ಅಂತ ಎಣಿಸಿಸ್ತಾರೆ, ಟ್ವೆಂಟಿಗೆ ಟೂ ಟೆನ್. ಮಕ್ಕಳಿಗೆ ಗೊತ್ತಿರೋ ಪದಗಳೇ, ಕಟ್ಟು ಮಾತ್ರ ಬೇರೆ. ಹತ್ತರ ಸ್ಥಾನ ಬಿಡಿ ಸ್ಥಾನ ತಲೆಗೆ ಹೋದ್ಮೇಲೆ ಇದಕ್ಕೆ ಜನ ಇಲೆವೆನ್ ಅಂತಾರೆ ನೋಡಪ್ಪ ಅಂತ ಹೇಳಿಕೊಡೋದು. ನೀವೂ ಮಾಡಿ ನೋಡ್ಬಹುದು, ನಿಮಗೆ ಇನ್ನೂ ಒಂದು ಅನುಕೂಲ ಇದೆ, ಕನ್ನಡದ ಹದಿನೇಳರಲ್ಲಿ ಹತ್ತು ಮೊದಲು ಬರುತ್ತೆ, ಬರೆಯೋದೂ 1 ಮೊದಲು. ಸೆವೆಂಟೀನ್ ಅಂದಾಗ ಮೊದಲು ಕನ್ನಡದಲ್ಲಿ ಹೇಳಿಸಿ ಆಮೇಲೆ ಬರೆಸಿ.

ವೇಲ್ಸ್ ದೇಶದ ಕಥೆ ಈ ವಿಷಯದಲ್ಲಿ ನನಗೆ ತುಂಬಾ ಇಷ್ಟ. ವೆಲ್ಶ್ ಭಾಷೆಯ ಹಳೇ ಎಣಿಕೆ ಇಪ್ಪತ್ತರ ಲೆಕ್ಕದ್ದು, ಹದಿನಾರು ಅಂದ್ರೆ ‘ಹದಿನೈದರ ಮೇಲೊಂದು’, ಹದಿನೆಂಟು ಅಂದ್ರೆ ‘ಎರಡು ಒಂಬತ್ತು’, 99 ಹೇಳೋಕೆ ‘ಹದಿನೈದರ ಮೇಲೆ ನಾಲ್ಕು ಮತ್ತು ನಾಲ್ಕು ಇಪ್ಪತ್ತು’ ಅಂತ ಒಂದು ವಾಕ್ಯಾನೇ ಬೇಕು. ಶಾಲೆಯಲ್ಲಿ ಈಗ ಕಲಿಸೋದು ಹತ್ತರ ಪದ್ಧತಿ, ಹನ್ನೊಂದು ‘ಉನ್ ದೇಗ್ ಉನ್’, ಒಂದು-ಹತ್ತು-ಒಂದು. ಎಲ್ಲಾ ಅವರದ್ದೇ ಪದ, ಹೊರಗಿಂದ ಒಂದೂ ತಂದಿಲ್ಲ. ಹಾಗಂತ ಹಳೇದು ಸತ್ತಿಲ್ಲ, ಗಂಟೆ ಹೇಳುವಾಗ, ತಾರೀಖು ಹೇಳುವಾಗ ಅದೇ ಬರುತ್ತೆ. ಗಣಿತಕ್ಕೊಂದು, ಗಡಿಯಾರಕ್ಕೊಂದು, ಎರಡೂ ನಡೀತಿದೆ.

ಪ್ರಶ್ನೆ: ಲ್ಯಾಟಿನ್ ಸ್ಕೀಮ್ ಬಂದ್ರೆ ಆರನೇ ಕ್ಲಾಸಿಗೆ ಏನಂತಾರೆ ಸರ್? (ಹೆಸರು ಬೇಡ)

ಉತ್ತರ: ಅದಕ್ಕೇ ಹೆಸರು ಬೇಡ ಅಂದಿದೀರಾ. ತಮಾಷೆ ಬಿಡಿ, ಇಂಥ ಪಟ್ಟಿ ಕಟ್ಟುವಾಗ ಆರರ ಹತ್ರ ಗ್ರೀಕ್‌ಗೆ ಜಾರಿ ‘ಹೆಕ್ಸ್’ ಅನ್ನೋದು ವಾಡಿಕೆ. ಕಂಪ್ಯೂಟರ್‌ನವರು 16ರ ಲೆಕ್ಕಕ್ಕೆ ಹೆಕ್ಸಾಡೆಸಿಮಲ್ ಅಂತಾರಲ್ಲ, ಅದು ಅರ್ಧ ಗ್ರೀಕ್ ಅರ್ಧ ಲ್ಯಾಟಿನ್. ಶುದ್ಧ ಲ್ಯಾಟಿನ್‌ನಲ್ಲಿ ಹೇಳಿದ್ರೆ ಮೀಟಿಂಗಲ್ಲಿ ಯಾರೂ ಮುಖ ಎತ್ತಲ್ಲ.

ಪ್ರಶ್ನೆ: ನಾನು ಬ್ಯಾಂಕಿಂದ ರಿಟೈರ್ ಆದವನು. ಬಿಲಿಯನ್ ಅಂದ್ರೆ ಲಕ್ಷ ಕೋಟಿ ಅಂತ ನಮ್ಮ ಮೇಷ್ಟ್ರು ಹೇಳಿದ್ದು, ಈಗ ನೂರು ಕೋಟಿ ಅಂತಾರೆ. ಬೈ ಅಂದ್ರೆ ಎರಡು, ಟ್ರೈ ಅಂದ್ರೆ ಮೂರು, ಹಾಗಾದ್ರೆ ಬಿಲಿಯನ್‌ನಲ್ಲಿ ಯಾವುದು ಎರಡು? ಲ್ಯಾಟಿನ್ ಇದ್ದೂ ಗೋಜಲಾಯ್ತಲ್ಲ?
— ನಿವೃತ್ತ ಮ್ಯಾನೇಜರ್, ಶಿವಮೊಗ್ಗ

ಉತ್ತರ: ಸರ್, ನಿಮ್ಮ ಮೇಷ್ಟ್ರು ಹೇಳಿದ್ದು ಆ ಕಾಲಕ್ಕೆ ಸರಿ. ಇದರ ಮೂಲ ಫ್ರಾನ್ಸಿನ ನಿಕೊಲಾ ಶುಕೆ, 1484ರಲ್ಲಿ ಅವನು ಒಂದು ಹಸ್ತಪ್ರತಿ ಬರೆದ, ಅದು ಅಚ್ಚಾಗಿದ್ದು 1880ರಲ್ಲಿ ಅನ್ನೋದು ಬೇರೆ ಮಾತು. ಅದರಲ್ಲಿ ಮಿಲಿಯನ್, ಬಿಲಿಯನ್, ಟ್ರಿಲಿಯನ್ ಅಂತ ನಾನಿಲಿಯನ್‌ವರೆಗೆ ಸಾಲು ಇದೆ. ಅವನ ಲೆಕ್ಕ ಅಪ್ಪಟ ನೀಟು. ಮಿಲಿಯನ್‌ನ ಎರಡು ಸಲ ಗುಣಿಸಿದ್ರೆ ಬಿಲಿಯನ್, ಅಂದ್ರೆ 1ರ ಮುಂದೆ 12 ಸೊನ್ನೆ, ಮೂರು ಸಲ ಗುಣಿಸಿದ್ರೆ ಟ್ರಿಲಿಯನ್, 18 ಸೊನ್ನೆ. ಹೆಸರಿನ ಲ್ಯಾಟಿನ್ ಅಂಕಿ, ಗುಣಿಸೋ ಸಲ, ಎರಡೂ ಹೊಂದುತ್ತೆ. ಮಿಲಿಯನ್ ಮಾತ್ರ ಇಟಲಿಯವರದ್ದು, ‘ದೊಡ್ಡ ಸಾವಿರ’ ಅಂತ.

ಆಮೇಲೆ ಫ್ರೆಂಚರೇ ಮೂರು ಮೂರು ಸೊನ್ನೆಗೆ ಒಂದು ಹೆಸರು ಅಂತ ಬದಲಾಯಿಸ್ಕೊಂಡ್ರು, ಅಮೆರಿಕದವರು ಅದನ್ನ ಹಿಡ್ಕೊಂಡ್ರು, ಬಿಲಿಯನ್ 9 ಸೊನ್ನೆಗೆ ಇಳೀತು. ಆಗಲೇ ಲ್ಯಾಟಿನ್ ಲೆಕ್ಕ ಒಂದು ಮೆಟ್ಟಿಲು ತಪ್ಪಿದ್ದು. ಸಾವಿರವನ್ನ ಮೂರು ಸಲ ಗುಣಿಸಿದ್ರೆ ‘ಎರಡರ’ ಬಿಲಿಯನ್, ನಾಲ್ಕು ಸಲ ಗುಣಿಸಿದ್ರೆ ‘ಮೂರರ’ ಟ್ರಿಲಿಯನ್. ಬ್ರಿಟನ್ ತುಂಬಾ ದಿನ ಹಳೇದನ್ನೇ ಹಿಡ್ಕೊಂಡಿತ್ತು, ಕೊನೆಗೆ ಪ್ರಧಾನಿ ಹೆರಾಲ್ಡ್ ವಿಲ್ಸನ್ 1974ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಲ್ಲಿ ಇನ್ಮೇಲೆ ಸರ್ಕಾರಿ ಲೆಕ್ಕದಲ್ಲಿ ಬಿಲಿಯನ್ ಅಂದ್ರೆ ಸಾವಿರ ಮಿಲಿಯನ್ ಅಂತ ಉತ್ತರ ಕೊಟ್ರು. ಮಜಾ ಅಂದ್ರೆ ಫ್ರಾನ್ಸ್ 1961ರಲ್ಲಿ ಅಧಿಕೃತವಾಗಿ ಹಳೇ ದೊಡ್ಡ ಬಿಲಿಯನ್ನೇ ಖಾಯಂ ಮಾಡ್ಕೊಂಡಿತ್ತು. ಜರ್ಮನಿಯಲ್ಲೂ ಹಾಗೇ, ನೂರು ಕೋಟಿಗೆ ಅವರು ಮಿಲಿಯಾರ್ಡೆ ಅಂತಾರೆ. ಅದಕ್ಕೇ ಜರ್ಮನ್ ಸುದ್ದಿಯನ್ನ ಅನುವಾದ ಮಾಡೋರು ಬಿಲಿಯನ್ ಕಂಡ ತಕ್ಷಣ ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ನೋಡ್ಬೇಕು, ಸಾವಿರ ಪಟ್ಟು ತಪ್ಪೋ ಚಾನ್ಸ್ ಇರುತ್ತೆ.

ಇಲ್ಲಿ ಸುಧಾರಣೆ ಮಾಡೋಕೆ ಹೊರಟವರು ದೊಡ್ಡ ದೊಡ್ಡ ತಲೆಗಳೇ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1981ರಲ್ಲಿ ಹತ್ತು ಸಾವಿರಕ್ಕೆ ಮಿರಿಯಡ್, 8 ಸೊನ್ನೆಗೆ ಮಿಲ್ಯನ್, 16ಕ್ಕೆ ಬಿಲ್ಯನ್, 32ಕ್ಕೆ ಟ್ರಿಲ್ಯನ್ ಅಂತ ಪ್ರತಿ ಸಲ ದುಪ್ಪಟ್ಟಾಗೋ ಸಾಲು ಕಟ್ಟಿದ್ರು. ಬರೆಯೋವಾಗ ಸ್ಪೆಲ್ಲಿಂಗಲ್ಲಿ ‘ಐ’ ಬದಲು ‘ವೈ’ ಹಾಕಿ ಬೇರೆ ಮಾಡಿದಾರೆ, ಹೇಳೋವಾಗ ಏನ್ ಮಾಡೋದು ದೇವರೇ ಬಲ್ಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ರಸ್ ರೋಲೆಟ್ ಅವರು ಬಿಲಿಯನ್ ಅನ್ನೋ ಜಗಳದ ಪದಾನೇ ಬೇಡ, 9 ಸೊನ್ನೆಗೆ ಗಿಲಿಯನ್, 12ಕ್ಕೆ ಟೆಟ್ರಿಲಿಯನ್, 15ಕ್ಕೆ ಪೆಂಟಿಲಿಯನ್ ಅಂತ ಗ್ರೀಕ್ ಅಂಕಿ ಹಾಕಿ ಸೂಚಿಸಿದ್ರು, ಅಲ್ಲಿ ನಾಲ್ಕು ಅಂದ್ರೆ ಸಾವಿರವನ್ನ ನಾಲ್ಕು ಸಲ ಗುಣಿಸಿದ್ದು, ಲೆಕ್ಕ ಪಕ್ಕಾ. ನನಗೆ ಇದು ತುಂಬಾ ಜಾಣ ಐಡಿಯಾ ಅನ್ಸುತ್ತೆ, ಬಜೆಟ್ ಭಾಷಣದಲ್ಲಿ ಮಾತ್ರ ಯಾವ ಮಂತ್ರಿಯೂ ಟೆಟ್ರಿಲಿಯನ್ ಅಂದಿದ್ದು ಕೇಳಿಲ್ಲ. ಇರೋ ದಾರಿಯನ್ನೇ ಉದ್ದ ಮಾಡಿದವರು ಜಾನ್ ಕಾನ್ವೇ ಮತ್ತು ರಿಚರ್ಡ್ ಗೈ, 1996ರ ತಮ್ಮ ಪುಸ್ತಕದಲ್ಲಿ ಲ್ಯಾಟಿನ್ ತುಂಡುಗಳನ್ನ ಜೋಡಿಸೋ ನಿಯಮ ಕೊಟ್ಟು ಎಷ್ಟು ದೊಡ್ಡ ಸಂಖ್ಯೆಗಾದ್ರೂ ಹೆಸರು ಬರೋ ಹಾಗೆ ಮಾಡಿದ್ರು. 303 ಸೊನ್ನೆಯ ಸೆಂಟಿಲಿಯನ್ ದಾಟಿ ಹೋಗುತ್ತೆ ಅದು. ಅಲ್ಲಿ ಯಾರ ಬಾಯಲ್ಲೂ ಹಳೇ ಹೆಸರಿರ್ಲಿಲ್ಲ, ಹಾಗಾಗಿ ಜಗಳಾನೂ ಬರ್ಲಿಲ್ಲ.

ನಮ್ಮ ಲೆಕ್ಕಕ್ಕೆ ಮಿಲಿಯನ್ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. ಇದನ್ನ ಬರೆದು ಕನ್ನಡಿ ಪಕ್ಕ ಅಂಟಿಸಿಕೊಂಡ್ರೆ ಸಾಕು.

ಪ್ರಶ್ನೆ: ನನ್ನ ಮಗ ಮರ್ಚೆಂಟ್ ನೇವಿಗೆ ಓದ್ತಿದ್ದಾನೆ. ಅವನ ಪುಸ್ತಕದಲ್ಲಿ ಒಂದಕ್ಕೆ ‘ಊನಾವನ್’, ಎರಡಕ್ಕೆ ‘ಬೀಸೊಟೂ’ ಅಂತ ಇದೆ ಮಾರಾಯ್ರೆ, ಇದೆಂಥ ಭಾಷೆ?
— ಮಂಗಳೂರು

ಉತ್ತರ: ಇದೇ ನೋಡಿ ಈ ಸಂಚಿಕೆಯ ಸ್ಟಾರ್. ಇಂಗ್ಲಿಷ್ ಅಂಕಿಗಳಿಗೆ ಲ್ಯಾಟಿನ್ ಹಚ್ಚೋ ಕೆಲಸ ಅಧಿಕೃತವಾಗಿ ನಡೆದಿದ್ದು ಇಲ್ಲಿ. ಹಡಗುಗಳ ರೇಡಿಯೋದಲ್ಲಿ ಕರಕರ ಶಬ್ದದ ಮಧ್ಯೆ ಬೇರೆ ಬೇರೆ ದೇಶದವರು ಅಂಕಿ ಹೇಳ್ಬೇಕು, ಫೈವ್ ಅಂದಿದ್ದು ನೈನ್ ಅಂತ ಕೇಳಿದ್ರೆ ಹಡಗು ಬಂಡೆಗೆ ಹೋಗುತ್ತೆ. ಅದಕ್ಕೆ 1960ರ ದಶಕದಲ್ಲಿ ಅಂತಾರಾಷ್ಟ್ರೀಯ ಸಂಕೇತ ಪುಸ್ತಕಕ್ಕೆ ಜೋಡಿ ಪದಗಳನ್ನ ತಂದ್ರು, ಮೊದಲರ್ಧ ಲ್ಯಾಟಿನ್ ಕಡೆಯ ಭಾಷೆಯವನಿಗೆ ಅರ್ಥ ಆಗ್ಲಿ, ಎರಡನೇ ಅರ್ಧ ಇಂಗ್ಲಿಷಿನವನಿಗೆ ಆಗ್ಲಿ ಅನ್ನೋ ಹಾಗೆ: ನಾದಾಝೀರೋ, ಊನಾವನ್, ಬೀಸೊಟೂ, ಟೆರಾತ್ರೀ, ಕಾರ್ಟೆಫೋರ್, ಪಾಂಟಾಫೈವ್, ಸಾಕ್ಸಿಸಿಕ್ಸ್, ಸೆಟೆಸೆವೆನ್, ಆಕ್ಟೋಏಟ್, ನೋವೆನೈನ್. ಪಾಂಟಾ ಗ್ರೀಕ್ ಕಡೆಯದು, ಹೋಗ್ಲಿ ಬಿಡಿ.

ಪುಸ್ತಕದಲ್ಲಿ ಇದೆ, ಪರೀಕ್ಷೆಗೂ ಬರಬಹುದು. ಆದ್ರೆ ಹಡಗಿನವರ ಬಾಯಲ್ಲಿ ನಿಂತಿದ್ದು ವಿಮಾನದವರ ಪದ್ಧತಿ, ಅದೇ ಇಂಗ್ಲಿಷ್ ಅಂಕಿಗಳನ್ನ ಸ್ವಲ್ಪ ತಿರುಚಿ ಟ್ರೀ, ಫೋವರ್, ಫೈಫ್, ನೈನರ್ ಅನ್ನೋದು. ಸಮುದ್ರದ ಮಾತುಕತೆಗೆ 2001ರಲ್ಲಿ ಬಂದ ಪ್ರಮಾಣಿತ ವಾಕ್ಯಗಳಲ್ಲೂ ಇವೇ ಇವೆ. ಒಂದೊಂದು ಅಂಕಿಗೂ ಎರಡೆರಡು ಪದದಷ್ಟು ಉದ್ದ ಹೇಳೋಕೆ ಯಾರಿಗೆ ಪುರುಸೊತ್ತು. ನಿಮ್ಮ ಮಗನಿಗೆ ಎರಡೂ ಕಲಿಯೋಕೆ ಹೇಳಿ, ಬಳಸೋದು ನೈನರ್.

ಪ್ರಶ್ನೆ: ಪೀರಿಯಾಡಿಕ್ ಟೇಬಲ್‌ನಲ್ಲಿ ಹಿಂದೆ ಅನ್‌ಅನ್‌ಆಕ್ಟಿಯಮ್ ಅಂತ ಇತ್ತಲ್ಲ, ಅದೂ ಇದೇ ಥರದ್ದಾ?
— ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹೌದಪ್ಪಾ, ಇದು ಎಲ್ಲಕ್ಕಿಂತ ನೀಟಾದ ಸ್ಕೀಮ್. ಅಮೆರಿಕ ಮತ್ತು ರಷ್ಯಾದವರು ಹೊಸ ಧಾತುಗಳನ್ನ ನಾನು ಕಂಡುಹಿಡಿದೆ ತಾನು ಕಂಡುಹಿಡಿದೆ ಅಂತ ಜಗಳ ಆಡ್ತಿದ್ರು, 104ಕ್ಕೆ ಇವರು ರುದರ್‌ಫೋರ್ಡಿಯಮ್, ಅವರು ಕುರ್ಚಟೋವಿಯಮ್. ಜಗಳ ತೀರೋವರೆಗೆ ಯಾರದ್ದೂ ಬೇಡ ಅಂತ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ 1970ರ ದಶಕದ ಕೊನೆಯಲ್ಲಿ ನಂಬರಿಂದಲೇ ಹೆಸರು ಮಾಡೋ ನಿಯಮ ತಂತು. 0ಗೆ ನಿಲ್, 1 ಉನ್, 2 ಬಿ, 3 ಟ್ರಿ, 4 ಕ್ವಾಡ್, 5 ಪೆಂಟ್, 6 ಹೆಕ್ಸ್, 7 ಸೆಪ್ಟ್, 8 ಆಕ್ಟ್, 9 ಎನ್. ಯಾಕೆ ಲ್ಯಾಟಿನ್ ಗ್ರೀಕ್ ಕಲಸುಮೇಲೋಗರ ಅಂದ್ರೆ, ಸಂಕೇತಕ್ಕೆ ಮೊದಲಕ್ಷರ ಬೇಕು, ಪೂರ್ತಿ ಲ್ಯಾಟಿನ್ ಹಾಕಿದ್ರೆ ನಾಲ್ಕು ಐದು ಎರಡೂ ‘ಕ್ಯೂ’, ಆರು ಏಳು ಎರಡೂ ‘ಎಸ್’ ಆಗ್ತಿತ್ತು. ಹತ್ತು ನೂರು ಅನ್ನೋ ಹೆಸರೇ ಇಲ್ಲ, ಅಂಕಿಗಳನ್ನ ಎಡದಿಂದ ಬಲಕ್ಕೆ ಓದ್ತಾ ಹೋಗೋದು, ಫೋನ್ ನಂಬರ್ ಹೇಳ್ತೀವಲ್ಲ ಹಾಗೆ. 104 ಅಂದ್ರೆ ಉನ್-ನಿಲ್-ಕ್ವಾಡ್-ಇಯಮ್. 111 ಅಂತೂ ಉನ್-ಉನ್-ಉನ್-ಇಯಮ್, 2004ರಲ್ಲಿ ಅದಕ್ಕೆ ರೋಂಟ್ಗೇನಿಯಮ್ ಅಂತ ಹೆಸರಿಟ್ಟು ಎಲ್ಲರ ನಾಲಿಗೆ ಉಳಿಸಿದ್ರು. 118 ಒಗಾನೆಸನ್ ಆಗಿದ್ದು 2016ರಲ್ಲಿ.

ವಿಜ್ಞಾನಿಗಳು ಲ್ಯಾಬಲ್ಲಿ ಮಾತಾಡುವಾಗ ಇದನ್ನ ಹೆಚ್ಚಾಗಿ ಬಳಸ್ತಿರ್ಲಿಲ್ಲ, ಎಲಿಮೆಂಟ್ 118 ಅಂತಿದ್ರು ಅಷ್ಟೆ. ಅಂದ್ರೆ ಹಳೇ ಒನ್ ಏಟೀನೇ. ಪುಸ್ತಕಕ್ಕೆ ಮಾತ್ರ ಆ ತಾತ್ಕಾಲಿಕ ಹೆಸರು. 119 ಇನ್ನೂ ಯಾರಿಗೂ ಸಿಕ್ಕಿಲ್ಲ, ಸದ್ಯಕ್ಕೆ ಅದು ಉನ್-ಉನ್-ಎನ್ನಿಯಮ್.

ಪ್ರಶ್ನೆ: ಸರ್ಕಾರ ಕಾನೂನು ಮಾಡಿ ನಂಬರ್ ಹೆಸರು ಬದಲಾಯಿಸಿದ್ದು ಎಲ್ಲಾದ್ರೂ ಇದೆಯಾ? — ಹಾಸನ

ಉತ್ತರ: ಇದೆ, ನಾರ್ವೆ. ಅಲ್ಲೂ ಮೊದಲು ಜರ್ಮನ್ ಥರ ಐದು-ಮತ್ತು-ಇಪ್ಪತ್ತು ಅಂತಿದ್ರು. ಕೇಳಿದ್ದು ಗಣಿತದ ಮೇಷ್ಟ್ರಲ್ಲ, ಟೆಲಿಫೋನ್ ಇಲಾಖೆ. ನಂಬರ್‌ಗಳು ಉದ್ದ ಆಗ್ತಾ ಬಂದ ಹಾಗೆ ಜೋಡಿ ಜೋಡಿಯಾಗಿ ಹೇಳುವಾಗ 25 ಅಂದಿದ್ದನ್ನ ಆಪರೇಟರ್ 52 ಅಂತ ಹಾಕಿಬಿಡ್ತಿದ್ರು. ಪಾರ್ಲಿಮೆಂಟ್ ಒಪ್ತು, 1951ರ ಜುಲೈ 1ರಿಂದ ಶಾಲೆ, ರೇಡಿಯೋ, ಸರ್ಕಾರಿ ಕಚೇರಿ ಎಲ್ಲಾ ಕಡೆ ಇಪ್ಪತ್ತು-ಐದು ಅನ್ನೋ ಆರ್ಡರ್, ಜೊತೆಗೆ ಇಪ್ಪತ್ತಕ್ಕೆ ‘ತೀವೆ’ ಹೋಗಿ ‘ಶೂಎ’, ಮೂವತ್ತಕ್ಕೆ ‘ತ್ರೆದ್ವೆ’ ಹೋಗಿ ‘ತ್ರೆತ್ತಿ’. ಒಂದೂ ಲ್ಯಾಟಿನ್ ಅಲ್ಲ ನೋಡಿ, ಅವರ ದೇಶದಲ್ಲೇ ಜನರ ಬಾಯಲ್ಲಿದ್ದ ರೂಪಗಳು. ಅಷ್ಟಾದ್ರೂ ಎಪ್ಪತ್ತು ವರ್ಷದ ಮೇಲೆ ಇವತ್ತಿಗೂ ಮನೆ ಮಾತಲ್ಲಿ ವಯಸ್ಸು ಹೇಳುವಾಗ ಹಳೇದು ನುಸುಳುತ್ತೆ, ಒಬ್ಬನೇ ಮನುಷ್ಯ ಎರಡೂ ಹೇಳ್ತಾನೆ. ಜರ್ಮನಿಯಲ್ಲಿ ಇದೇ ಬದಲಾವಣೆ ಬೇಕು ಅಂತ ‘ಟ್ಸ್ವಾನ್‌ಟ್ಸಿಗ್‌ಐನ್ಸ್’, ಅಂದ್ರೆ ಇಪ್ಪತ್ತೊಂದು, ಅನ್ನೋ ಹೆಸರಿನ ಸಂಘ 2004ರಿಂದ ಕೇಳ್ತಾನೇ ಇದೆ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ.

ಪ್ರಶ್ನೆ: ಇಂಗ್ಲಿಷ್ ಒಳಗೆ ಲ್ಯಾಟಿನ್ ಅಂಕಿ ಯಾವತ್ತೂ ತಾನಾಗೇ ನುಗ್ಗಿಲ್ವಾ? — ಉಪನ್ಯಾಸಕ, ಮೈಸೂರು

ಉತ್ತರ: ನುಗ್ಗಿದೆ ಸರ್, ಒಂದು ದೊಡ್ಡ ಬೇಟೆ ಹೊಡೆದಿದೆ: ಸೆಕೆಂಡ್. ಹಳೇ ಇಂಗ್ಲಿಷಲ್ಲಿ ಎರಡನೇದಕ್ಕೆ ‘ಅದರ್’ ಅಂತಿದ್ರು, ಇನ್ನೊಂದು ಅನ್ನೋದಕ್ಕೂ ಅದೇ ಪದ, ಮೂರು ಜನ ಇದ್ದಾಗ ಅದರ್ ಅಂದ್ರೆ ಯಾರು ಅಂತ ಗೊತ್ತಾಗ್ತಿರ್ಲಿಲ್ಲ. ಫ್ರೆಂಚಿಂದ ಸೆಕೆಂಡ್ ಬಂದು ಆ ಕೊರತೆ ತುಂಬ್ತು, ಆದ್ರೆ ಫಸ್ಟ್, ಥರ್ಡ್, ಫೋರ್ತ್ ಅಲ್ಲಾಡಲಿಲ್ಲ. ಡಜನ್ ಕೂಡ ಲ್ಯಾಟಿನ್ ಹನ್ನೆರಡರಿಂದಲೇ, ಫ್ರೆಂಚ್ ದಾರಿಯಾಗಿ. ಇಸ್ಪೀಟಿನ ಏಸ್, ಟೆನಿಸ್‌ನ ಡ್ಯೂಸ್ ಇವೂ ಅಷ್ಟೆ, ಲ್ಯಾಟಿನ್ ಒಂದು ಎರಡು. ಜೂಜು, ಆಟ, ಮೊಟ್ಟೆ ವ್ಯಾಪಾರ, ಈ ಬಾಗಿಲಿಂದ ಬಂದವು. ಪಂಡಿತರ ಬಾಗಿಲಿಂದ ಬಂದಿದ್ದು ಡೆಸಿಮಲ್, ಟ್ರಿಪಲ್, ಕ್ವಾರ್ಟರ್ ಥರದ್ದು, ಎಣಿಸೋಕೆ ಯಾರೂ ಅವನ್ನ ಬಳಸಲ್ಲ.

ಪ್ರಶ್ನೆ: ನಮ್ಮ ಕನ್ನಡದ ನಂಬರ್‌ಗಳಿಗೇ ಈಗ ಸುಧಾರಣೆ ಬೇಕಲ್ವಾ? ಮಕ್ಕಳು ಅರವತ್ತೇಳು ಅಂದ್ರೆ ಸಿಕ್ಸ್ಟಿ ಸೆವೆನ್ನಾ ಅಂತ ವಾಪಸ್ ಕೇಳ್ತಾರೆ.
— ಅಜ್ಜಿ, ಜಯನಗರ

ಉತ್ತರ: ಅಜ್ಜಿ, ಕನ್ನಡದ ಕಟ್ಟಿಗೆ ಏನೂ ಆಗಿಲ್ಲ. ಹನ್ನೊಂದು ಹನ್ನೆರಡರಲ್ಲಿ ‘ಹನ್’, ಹದಿಮೂರರಿಂದ ‘ಹದಿ’, ಹತ್ತೊಂಬತ್ತರಲ್ಲಿ ‘ಹತ್ತ್’, ಮೂರು ವೇಷ ಹಾಕಿದ್ರೂ ಹತ್ತು ಎದ್ದು ಕಾಣುತ್ತೆ, ಇಪ್ಪತ್ತು ದಾಟಿದ್ರೆ ರೈಲು ಹಳಿ ಮೇಲೆ. ಹಿಂದಿಗೂ ಇಂಗ್ಲಿಷಿಗೂ ಹೋಲಿಸಿದ್ರೆ ನಮ್ಮದು ಎಷ್ಟೋ ವಾಸಿ. ಆದ್ರೂ ಮಕ್ಕಳು ಬಿಡ್ತಿದ್ದಾರೆ. ಕಟ್ಟು ಚೆನ್ನಾಗಿದ್ರೆ ಪದ ಉಳಿಯುತ್ತೆ ಅನ್ನೋದು ಸುಳ್ಳು ಅನ್ನೋದಕ್ಕೆ ಇದೇ ಸಾಕ್ಷಿ. ಮಾರ್ಕೆಟ್, ಶಾಲೆ, ಫೋನ್ ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತೋ ನಂಬರ್ ಆ ಭಾಷೆಗೆ ಹೋಗುತ್ತೆ. ಹೊರಗೆ ಅಚ್ಚ ಕನ್ನಡ ಮಾತಾಡೋರೂ ಮೊಬೈಲ್ ನಂಬರ್ ಕೇಳಿದ ತಕ್ಷಣ ನೈನ್ ಏಟ್ ಫೋರ್ ಫೈವ್ ಅಂತಾರೆ, ನೀವೂ ಹಾಗೇ ಹೇಳ್ತೀರಿ ಅಂತ ನನಗೆ ಅನುಮಾನ.

ಹೀಗಾಗಿದ್ದು ನಮ್ಮ ನೆಂಟರಿಗೇ ಇದೆ. ಬಲೂಚಿಸ್ತಾನದ ಬ್ರಾಹುಯಿ ನಮ್ಮ ದ್ರಾವಿಡ ಕುಟುಂಬದ ಭಾಷೆ. ಅಲ್ಲಿ ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’, ಕೇಳಿದ್ರೆ ನಮ್ಮವೇ ಅನ್ಸುತ್ತೆ. ನಾಲ್ಕರಿಂದ ಮುಂದೆ ‘ಚಾರ್’, ಎಲ್ಲಾ ಸುತ್ತಲಿನ ಬಲೂಚಿ, ಪರ್ಷಿಯನ್ ಕಡೆಯಿಂದ ಬಂದಿದ್ದು. ಅಂದ್ರೆ ಅಂಕಿಗಳ ಹೆಸರು ಬದಲಾಗೋದೇ ಇಲ್ಲ ಅಂತಲ್ಲ, ಕಂತೆಗಟ್ಟಲೆ ಬದಲಾಗುತ್ತೆ. ಜಪಾನಿನವರು ಚೀನಾದಿಂದ ಇಡೀ ಸಾಲನ್ನೇ ತಗೊಂಡು ತಮ್ಮದನ್ನೂ ಇಟ್ಕೊಂಡಿದ್ದಾರೆ, ಥಾಯ್ ಜನರ ಅಂಕಿಗಳೂ ಅದೇ ಮೂಲದ್ದು. ಅಲ್ಲೆಲ್ಲ ಪಕ್ಕದಲ್ಲಿ ವ್ಯಾಪಾರ ಮಾಡೋ, ಆಳೋ ಜನ ಇದ್ರು. ಲ್ಯಾಟಿನ್‌ನಲ್ಲಿ ಚಿಲ್ಲರೆ ಎಣಿಸೋ ಅಂಗಡಿಯವನು ಇವತ್ತು ಎಲ್ಲೂ ಇಲ್ಲ. ಮೊಮ್ಮಕ್ಕಳಿಗೆ ಅರವತ್ತೇಳು ಬರ್ಬೇಕು ಅಂದ್ರೆ ಪಾಕೆಟ್ ಮನಿ ಕನ್ನಡದಲ್ಲಿ ಕೇಳಿದ್ರೆ ಮಾತ್ರ ಕೊಡ್ತೀನಿ ಅನ್ನಿ, ವಾರದೊಳಗೆ ಬರುತ್ತೆ.

ಪ್ರಶ್ನೆ: ಸೆಪ್ಟ್ ಅಂದ್ರೆ ಏಳು, ಸೆಪ್ಟೆಂಬರ್ ಯಾಕೆ ಒಂಬತ್ತನೇ ತಿಂಗಳು? — ಬಳ್ಳಾರಿ

ಉತ್ತರ: ರೋಮನ್ನರ ಹಳೇ ವರ್ಷ ಮಾರ್ಚ್‌ನಿಂದ ಶುರು ಆಗ್ತಿತ್ತು, ಅಲ್ಲಿಂದ ಎಣಿಸಿ ನೋಡಿ, ಸೆಪ್ಟೆಂಬರ್ ಏಳು, ಡಿಸೆಂಬರ್ ಹತ್ತು ಸರಿಯಾಗಿ ಬರುತ್ತೆ. ಜುಲೈಗೆ ಮೊದಲು ಕ್ವಿಂಟಿಲಿಸ್, ಆಗಸ್ಟ್‌ಗೆ ಸೆಕ್ಸ್‌ಟಿಲಿಸ್, ಐದು ಮತ್ತು ಆರು. ಅವೆರಡಕ್ಕೆ ಸೀಸರ್ ಮತ್ತು ಅಗಸ್ಟಸ್ ಹೆಸರು ಬಂತು, ಉಳಿದವು ಹಾಗೇ ತಪ್ಪು ಜಾಗದಲ್ಲಿ ಕೂತ್ಕೊಂಡ್ವು. ಕ್ಯಾಲೆಂಡರ್ ಬಗ್ಗೆ ಇನ್ನೂ ಪತ್ರಗಳಿವೆ, ಅಧಿಕ ಮಾಸದ್ದೂ ಸೇರಿ, ಅವು ಮುಂದಿನ ಸಲ.